ಒಂದೇ ದಂಡ, ಬೇರೆ ಬೇರೆ ಶಿಕ್ಷೆ: ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಕೋರ್ಟ್ ಹತ್ತಿರ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ವಕೀಲನಲ್ಲ. ಅಫಿಡವಿಟ್ಟು, ಅರ್ಜಿ, ಮುಚ್ಚಳಿಕೆ ಟೈಪ್ ಮಾಡಿ ಮಾಡಿ ಕೆಲವು ಕಲಂಗಳು ಬಾಯಿಪಾಠ ಆಗಿವೆ, ಅಷ್ಟೆ. ಹೋದ ವರ್ಷ ಕಂಡ ಒಂದು ದಿನ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಈ ಪತ್ರ.

ಮಧ್ಯಾಹ್ನ ಊಟದ ಹೊತ್ತು. ಒಬ್ಬ ಹೆಣ್ಣುಮಗಳು ಬಂದು ನನ್ನ ಟೇಬಲ್ ಮೇಲೆ ಪ್ಲಾಸ್ಟಿಕ್ ಕವರ್ ಸುರಿದರು. "ಅಣ್ಣಾ, ಇದ್ರಲ್ಲಿ ಎಷ್ಟೈತೆ ಎಣಿಸ್ರಿ, ನಂಗೆ ಲೆಕ್ಕ ತಪ್ತಾ ಐತೆ" ಅಂದರು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು. ನೋಟುಗಳ ಅಂಚಿಗೆ ಮಸಿ ಹತ್ತಿತ್ತು. ಮಡಿಕೆ ಬಿಡಿಸಿದರೆ ಸಣ್ಣಗೆ ಮರಳು ಉದುರುತ್ತಿತ್ತು. ಹತ್ತರದು, ಇಪ್ಪತ್ತರದು, ಐವತ್ತರದು. ಎರಡು ಸಲ ಎಣಿಸಿದೆ. 6,600 ರೂಪಾಯಿ. ಅವರ ಗಂಡ ಎಪಿಎಂಸಿಯಲ್ಲಿ ಹಮಾಲಿ. ಕುಡಿದು ಟಿವಿಎಸ್ ಓಡಿಸುವಾಗ ಸಿಕ್ಕಿಬಿದ್ದು, ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡಿದ್ದ. ದಂಡ 10,000. ಕಟ್ಟದಿದ್ದರೆ ಒಂದು ತಿಂಗಳು ಸಾದಾ ಸಜೆ.

ಅದೇ ದಿನ ಅದೇ ಕಲಂನಲ್ಲಿ ಅಷ್ಟೇ ದಂಡ ಬಿದ್ದ ಇನ್ನೊಬ್ಬರಿದ್ದರು, ಕಾರಿನವರು. ನನ್ನ ಹತ್ತಿರವೇ ಆಧಾರ್ ಜೆರಾಕ್ಸ್ ಮಾಡಿಸಿಕೊಂಡು, ಫೋನಲ್ಲಿ ಮಾತಾಡುತ್ತಲೇ ಹೋಗಿ ದುಡ್ಡು ಕಟ್ಟಿ, ರಸೀದಿ ಜೇಬಿಗೆ ಹಾಕಿಕೊಂಡು ಹೊರಟರು. ಈ ಹೆಣ್ಣುಮಗಳು ಉಳಿದ 3,400ಕ್ಕೆ ಊರೆಲ್ಲ ತಿರುಗಿ, ಸಂಜೆ ಹೊತ್ತಿಗೆ ನೂರಕ್ಕೆ ಹತ್ತರ ಬಡ್ಡಿಗೆ ಸಾಲ ತಂದರು. ಗಂಡ ಮನೆಗೆ ಹೋದ. ತಿಂಗಳುಗಟ್ಟಲೆ ಬಡ್ಡಿ ಕಟ್ಟಿದ್ದು ಮಾತ್ರ ಅವರು. ಕುಡಿದಿದ್ದು ಅವರಲ್ಲ, ಗಾಡಿ ಓಡಿಸಿದ್ದೂ ಅವರಲ್ಲ.

ಕುಡಿದು ಗಾಡಿ ಓಡಿಸಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಅಡ್ಡ ಬಂದ ಮಗುವಿಗೆ ಟಿವಿಎಸ್ ಆದರೇನು, ಕಾರಾದರೇನು. ಶಿಕ್ಷೆ ಆಗಲೇಬೇಕು. ಆದರೆ ಅವರಿಬ್ಬರಿಗೆ ಆದದ್ದು ಒಂದೇ ಶಿಕ್ಷೆ ಅಂತ ನನಗೆ ಅನ್ನಿಸುವುದಿಲ್ಲ. ಜೈಲಿನ ಒಂದು ತಿಂಗಳು ಯಾರಿಗಾದರೂ ಮೂವತ್ತು ದಿನವೇ. ಹತ್ತು ಸಾವಿರ ರೂಪಾಯಿ ಹಾಗಲ್ಲ, ಅಲ್ವಾ?

ಕಾನೂನಿನಲ್ಲಿ ದಂಡದ ಮೊತ್ತ ಒಂದು ಅಂಕಿ. ಬರೆದಿಟ್ಟರೆ ಹಾಗೇ ಕೂತಿರುತ್ತದೆ. 1860ರ ದಂಡ ಸಂಹಿತೆಯಲ್ಲಿ ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದವರಿಗೆ 10 ರೂಪಾಯಿವರೆಗೆ ದಂಡ ಅಂತಿತ್ತು. 2024ರ ಜುಲೈ 1ಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬರುವವರೆಗೂ ಅದೇ 10 ರೂಪಾಯಿ. ಈಗ 1,000ದವರೆಗೆ. ಕುಡಿದು ಗಾಡಿ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ 2,000ದವರೆಗೆ ಇದ್ದ ದಂಡ 2019ರ ತಿದ್ದುಪಡಿಯಿಂದ 10,000 ಆಯಿತು. ಅಂಕಿ ಹೆಚ್ಚಿಸುವುದು ಸುಲಭ. ಕಟ್ಟುವವನ ಕೂಲಿ ಎಷ್ಟು ಅಂತ ಆ ಕಲಂ ಕೇಳುವುದಿಲ್ಲ. ಫಿನ್ಲೆಂಡ್ 1921ರಿಂದಲೇ ಬೇರೆ ದಾರಿ ಹಿಡಿದಿದೆ. ತಪ್ಪಿನ ತೂಕ ನೋಡಿ ಇಷ್ಟು ದಿನದ ದಂಡ ಅಂತ ಹಾಕುತ್ತಾರೆ, ಒಂದು ದಿನಕ್ಕೆ ಎಷ್ಟು ಅನ್ನುವುದು ಅವರವರ ಆದಾಯದ ಮೇಲೆ. ದಿನಗೂಲಿ ಲೆಕ್ಕದಲ್ಲೇ ಬದುಕುವ ನಮ್ಮ ಹಮಾಲರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಾನೂನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಇರುವ ಕಾನೂನಿನಲ್ಲೇ ಇರುವುದರ ಬಗ್ಗೆ ಹೇಳುತ್ತೇನೆ.

ದಂಡ ಮಾತ್ರ ಶಿಕ್ಷೆಯಾಗಿದ್ದು, ಕೂಡಲೇ ಕಟ್ಟಲು ಆಗದಿದ್ದರೆ ಕೋರ್ಟ್ 30 ದಿನ ಸಮಯ ಕೊಡಬಹುದು. ಎರಡು ಅಥವಾ ಮೂರು ಕಂತು ಮಾಡಿಕೊಡಬಹುದು. ಮುಚ್ಚಳಿಕೆ ಬರೆದುಕೊಟ್ಟರೆ ಅಲ್ಲಿಯವರೆಗೆ ಜೈಲಿಲ್ಲ. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಹಳೇ ಕಾನೂನು ಸಿಆರ್‌ಪಿಸಿಯಲ್ಲಿ ಇದು 424ನೇ ಕಲಂ, ಅದರ ಜಾಗಕ್ಕೆ ಬಂದ ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 464. ಆ ಹೆಣ್ಣುಮಗಳ ಕೈಯಲ್ಲಿ 6,600 ಇತ್ತು. ಉಳಿದದ್ದಕ್ಕೆ ಒಂದು ತಿಂಗಳು ಸಿಕ್ಕಿದ್ದರೆ ಬಡ್ಡಿಯವರ ಮನೆ ಬಾಗಿಲಿಗೆ ಹೋಗಬೇಕಿರಲಿಲ್ಲ. ಯಾರೂ ಹೇಳಲಿಲ್ಲ. ಎಷ್ಟೋ ಮುಚ್ಚಳಿಕೆ ಟೈಪ್ ಮಾಡಿದ ನನಗೂ ಆ ಹೊತ್ತಿಗೆ ಹೊಳೆಯಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನೆನಪಾಯಿತು. ಅನ್ನ ಇಳಿಯಲಿಲ್ಲ.

ದಂಡ ಕಟ್ಟಲಾಗದೆ ಜೈಲಿಗೆ ಹೋದವರಿಗೂ ದಾರಿ ಇದೆ. ದಂಡ ಕಟ್ಟಿದ ಗಳಿಗೆಗೇ ಆ ಸಜೆ ಮುಗಿಯುತ್ತದೆ. ಅರ್ಧ ಕಟ್ಟಿದರೆ ದಿನಗಳೂ ಅರ್ಧಕ್ಕೆ ಇಳಿಯುತ್ತವೆ. ದಂಡ ಕಟ್ಟದ್ದಕ್ಕೆ ಅನುಭವಿಸುವ ಸಜೆ ಅಪರಾಧದ ಶಿಕ್ಷೆಯೇ ಅಲ್ಲ, ಹಣ ಕಟ್ಟದ್ದರ ಪರಿಣಾಮ ಅಷ್ಟೇ; ಆ ಅವಧಿ ನಿಗದಿ ಮಾಡುವಾಗ ಆರೋಪಿಯ ಹಣಕಾಸಿನ ಸ್ಥಿತಿಯನ್ನೂ ನೋಡಬೇಕು ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಹೇಳಿದೆ.

ಇನ್ನು ನಿಮಗೇ ಸಂಬಂಧಪಟ್ಟ ಮಾತು. ದಂಡ ಕಟ್ಟಲಾಗದೆ ಜೈಲಲ್ಲೇ ಉಳಿದ ಬಡ ಕೈದಿಗಳಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಒಂದು ಯೋಜನೆ ತಂದಿತು. ಶಿಕ್ಷೆಯಾದವರ ದಂಡಕ್ಕೆ 25,000 ರೂಪಾಯಿವರೆಗೆ ಜಿಲ್ಲಾ ಸಮಿತಿಯೇ ಮಂಜೂರು ಮಾಡಬಹುದು ಅಂತ ಅದರ ಮಾರ್ಗಸೂಚಿಯಲ್ಲಿದೆ. ಆ ಸಮಿತಿಯಲ್ಲಿ ನೀವಿದ್ದೀರಿ, ಎಸ್‌ಪಿ ಇದ್ದಾರೆ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಜೈಲಿನ ಅಧಿಕಾರಿ ಇದ್ದಾರೆ. ನಮ್ಮ ಜಿಲ್ಲೆಯಲ್ಲಿ ಈ ಸಮಿತಿ ಕೊನೆಯ ಸಲ ಯಾವಾಗ ಸಭೆ ಸೇರಿತು, ಎಷ್ಟು ಜನರ ದಂಡ ಕಟ್ಟಿತು, ದಯವಿಟ್ಟು ಜನರಿಗೆ ತಿಳಿಸಿ. ಆರು ತಿಂಗಳಿಗೊಮ್ಮೆ ತಿಳಿಸಿದರೂ ಸಾಕು.

ಹೊಸ ನ್ಯಾಯ ಸಂಹಿತೆಯಲ್ಲಿ ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯೂ ಒಂದು ಶಿಕ್ಷೆ. ಕುಡಿದು ಗಲಾಟೆ ಮಾಡಿದವರಿಗೆ, 5,000ಕ್ಕಿಂತ ಕಡಿಮೆ ಬೆಲೆಯ ವಸ್ತು ಮೊದಲ ಸಲ ಕದ್ದು ವಾಪಸ್ ಕೊಟ್ಟವರಿಗೆ ಇದು ಸಿಗಬಹುದು. ನನಗೆ ಇದು ದಂಡಕ್ಕಿಂತ ನೇರ ಅನ್ನಿಸುತ್ತದೆ. ಚಿಗಟೇರಿ ಆಸ್ಪತ್ರೆ ಆವರಣದಲ್ಲಿ ನಾಲ್ಕು ದಿನ ಕಸ ಗುಡಿಸು ಅಂದರೆ ಕಾರಿನವರಿಗೂ ನಾಲ್ಕು ದಿನವೇ, ಹಮಾಲಿಗೂ ನಾಲ್ಕು ದಿನವೇ. ಆದರೆ ಎಲ್ಲಿ, ಯಾರ ಕೈಕೆಳಗೆ ಮಾಡಿಸಬೇಕು ಅನ್ನುವುದು ತಯಾರಿರಬೇಕಲ್ಲ. ಆಸ್ಪತ್ರೆ, ಹಾಸ್ಟೆಲ್, ಪಾರ್ಕ್ ಅಂತ ಜಾಗಗಳ ಪಟ್ಟಿ ಮಾಡಿ ನ್ಯಾಯಾಧೀಶರಿಗೆ ಕಳಿಸುವುದು ನಿಮ್ಮಿಂದ ಆಗುವ ಕೆಲಸ.

ಕಡೆಗೆ ಒಂದು ಸಣ್ಣ ಬೇಡಿಕೆ. ಕೋರ್ಟ್ ಆವರಣದಲ್ಲಿ, ದಂಡ ಕಟ್ಟುವ ಕೌಂಟರ್ ಪಕ್ಕ, ದೊಡ್ಡ ಕನ್ನಡ ಅಕ್ಷರದ ಒಂದು ಬೋರ್ಡ್ ಬೇಕು. "ಪೂರ್ತಿ ಹಣ ಇಲ್ಲವೇ? ಸಮಯ ಮತ್ತು ಕಂತು ಕೇಳಬಹುದು. ಉಚಿತ ವಕೀಲರ ನೆರವಿಗೆ 15100ಕ್ಕೆ ಫೋನ್ ಮಾಡಿ" ಅಂತಿದ್ದರೆ ಸಾಕು. ಅದು ಜಿಲ್ಲಾ ನ್ಯಾಯಾಧೀಶರ ಜಾಗ, ಅವರ ಒಪ್ಪಿಗೆ ಬೇಕು. ನೀವು ಒಂದು ಮಾತು ಹೇಳಿದರೆ ಬೇಗ ಆಗುತ್ತದೆ. ಓದಲು ಬಾರದವರು ನನ್ನಂಥ ಅಂಗಡಿಯವರನ್ನೇ ಕೇಳುತ್ತಾರೆ. ಆವಾಗ ನಾವೂ ತಲೆ ಎತ್ತಿ ಆ ಬೋರ್ಡ್ ನೋಡಿ ಹೇಳುತ್ತೇವೆ. ಅದರ ಬರಹ ನಾನೇ ಟೈಪ್ ಮಾಡಿಕೊಡುತ್ತೇನೆ. ದುಡ್ಡು ಬೇಡ.

ಇಂತಿ,
ಕೋರ್ಟ್ ಬಳಿಯ ಒಬ್ಬ ಟೈಪಿಸ್ಟ್
ದಾವಣಗೆರೆ