ಧಾಟಿ ಟೆನರ್‌ನಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಬೈಬಲಿನ ಕೀರ್ತನೆಗಳ ಹಳೆಯ ಇಂಗ್ಲಿಷ್ ಛಂದೋಬದ್ಧ ರೂಪಗಳ ಧಾಟಿಗಳನ್ನು ಇಂದಿನ ಕ್ವಾಯರ್‌ಗಳಿಗೆ (ಚರ್ಚಿನ ಗಾಯನ ತಂಡಗಳಿಗೆ) ಹೊಂದಿಸುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಟೆನರ್‌ನಲ್ಲಿರುವ (ಗಂಡಸರ ಎತ್ತರದ ದನಿ) ಧಾಟಿಯನ್ನು ಸೊಪ್ರಾನೊಗೆ (ಎಲ್ಲಕ್ಕಿಂತ ಮೇಲಿನ ದನಿ) ಕೊಡಿ, ಸ್ವರಗಳನ್ನು ಸಮ ಉದ್ದ ಮಾಡಿ, ಅಷ್ಟು ಸಾಕು ಎನ್ನುತ್ತದೆ ಲೇಖನ. ಓದುವಾಗ ಸರಿಯೆನಿಸುವ ಈ ಸಲಹೆ ಹಾಡಿಸಲು ನಿಂತಾಗ ಕೈಕೊಡುತ್ತದೆ.

ಸ್ಟರ್ನ್‌ಹೋಲ್ಡ್ ಮತ್ತು ಹಾಪ್ಕಿನ್ಸ್ ಪದ್ಯರೂಪಕ್ಕೆ ತಂದ ಕೀರ್ತನೆಗಳ ಪೂರ್ಣ ಸಂಪುಟವನ್ನು ಜಾನ್ ಡೇ ಲಂಡನ್‌ನಲ್ಲಿ ಅಚ್ಚು ಹಾಕಿದ್ದು 1562ರಲ್ಲಿ. ನಾಲ್ಕು ದನಿಗಳ ಪುಸ್ತಕಗಳೂ ಬೆನ್ನಿಗೇ ಬಂದವು. ಥಾಮಸ್ ಈಸ್ಟ್ 1592ರಲ್ಲಿ ತಂದದ್ದರಲ್ಲಿ, ರೇವನ್ಸ್‌ಕ್ರಾಫ್ಟ್ 1621ರಲ್ಲಿ ತಂದದ್ದರಲ್ಲಿ ಧಾಟಿ ಇರುವುದು ಟೆನರ್‌ನಲ್ಲಿ. ಪ್ಲೇಫರ್ಡ್ 1677ರಲ್ಲಿ ಅದನ್ನು ಮೇಲಿನ ದನಿಗೆ ತಂದ ನಿಜ, ಆದರೆ ಉಳಿದ ದನಿಗಳನ್ನು ಅದಕ್ಕೆ ತಕ್ಕಂತೆ ಹೊಸದಾಗಿ ಹೆಣೆದು, ಮೂರೇ ದನಿಗಳಲ್ಲಿ. ಎರಡು ದನಿಗಳನ್ನು ಸುಮ್ಮನೆ ಅದಲುಬದಲು ಮಾಡುವುದು ಬೇರೆಯೇ ಮಾತು.

ಅದಲುಬದಲು ಮಾಡಿದರೆ ಏನಾಗುತ್ತದೆ? ಟ್ರೆಬಲ್ (ಹಳೆಯ ಪುಸ್ತಕಗಳ ಮೇಲಿನ ದನಿ) ಮತ್ತು ಟೆನರ್ ನಡುವೆ ಇದ್ದ ಫೋರ್ತ್ (ನಾಲ್ಕು ಸ್ವರಗಳ ಅಂತರ) ಈಗ ಫಿಫ್ತ್ (ಐದು ಸ್ವರಗಳ ಅಂತರ) ಆಗುತ್ತದೆ. ಒಂದರ ಹಿಂದೆ ಒಂದು ಫೋರ್ತ್ ಬಂದಿದ್ದ ಕಡೆಯೆಲ್ಲ ಸಮಾನಾಂತರ ಫಿಫ್ತ್‌ಗಳು ಕಿವಿಗೆ ರಾಚುತ್ತವೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಒಂದು ಆಕ್ಟೇವ್ (ಒಂದು ಸ್ಥಾಯಿ) ಕೆಳಗಿಳಿದ ಟ್ರೆಬಲ್, ಎಲ್ಲಕ್ಕಿಂತ ಕೆಳಗಿನ ದನಿಯಾದ ಬೇಸ್ ಎತ್ತರದಲ್ಲಿರುವಾಗ ಅದನ್ನೂ ದಾಟಿ ಕೆಳಗೆ ಹೋಗಬಹುದು. ಬೇಸ್ ಜಿ ಹಾಡುತ್ತಿದ್ದು ಇಳಿದ ದನಿ ಅದರ ಕೆಳಗಿನ ಡಿ ಹಿಡಿದರೆ, ಗಟ್ಟಿಯಾಗಿ ನಿಂತಿದ್ದ ಜಿ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ತನ್ನ ಫಿಫ್ತ್ ಮೇಲೆ ತೂಗಾಡುವ ಕಾರ್ಡ್ ಆಗಿಬಿಡುತ್ತದೆ. ಸಾಲಿನ ಕೊನೆಯಲ್ಲಿ ಹೀಗಾದರೆ ಸಾಲು ಮುಗಿದಂತೆಯೇ ಅನಿಸುವುದಿಲ್ಲ.

ಇದಕ್ಕೆ ಹಳ್ಳಿಗಾಡಿನ ಇಂಗ್ಲಿಷ್ ಕ್ವಾಯರ್‌ಗಳೇ 18ನೇ ಶತಮಾನದಲ್ಲಿ ದಾರಿ ಕಂಡುಕೊಂಡಿದ್ದವು. ದನಿಗಳು ಇದ್ದಲ್ಲೇ ಇರಲಿ. ಸೊಪ್ರಾನೊಗಳಲ್ಲಿ ಕೆಲವರು ಟೆನರ್ ಧಾಟಿಯನ್ನು ಒಂದು ಆಕ್ಟೇವ್ ಮೇಲೆ ಹಾಡಿ ಅದಕ್ಕೆ ದನಿಗೂಡಿಸಲಿ. ಟ್ರೆಬಲ್ ತನ್ನ ಜಾಗದಲ್ಲೂ ಕೇಳುತ್ತಿರುತ್ತದೆ, ಆದ್ದರಿಂದ ಹೆಣಿಗೆ ಕೆಡುವುದಿಲ್ಲ. ಬೇಸ್ ಮಾತ್ರ ತೆಳುವಾಗಬಾರದು.

ಇನ್ನು ಸ್ವರಗಳ ಉದ್ದ. ‘ಓಲ್ಡ್ ಹಂಡ್ರೆಡ್ತ್’ ಧಾಟಿ 1551ರ ಜಿನೀವಾ ಸಂಪುಟದಿಂದ ಇಂಗ್ಲೆಂಡಿಗೆ ಬಂದದ್ದು. ಅದರ ಮೊದಲ ಸಾಲು ಒಂದು ಸೆಮಿಬ್ರೀವ್ (ಎರಡು ಮಿನಿಮ್‌ನಷ್ಟು ಉದ್ದದ ಸ್ವರ), ನಾಲ್ಕು ಮಿನಿಮ್, ಮತ್ತೆ ಮೂರು ಸೆಮಿಬ್ರೀವ್. ಒಟ್ಟು 12 ಮಿನಿಮ್. ನಾಲ್ಕು ನಾಲ್ಕು ಮಿನಿಮ್‌ಗೆ ಬಾರ್ ಗೆರೆ (ತಾಳದ ಆವರ್ತ ಬೇರ್ಪಡಿಸುವ ಗೆರೆ) ಎಳೆದರೆ ಮೂರು ಬಾರ್‌ಗಳು ಚೊಕ್ಕವಾಗಿ ಸಿಗುತ್ತವೆ, ಮೋಸ ಇರುವುದೇ ಅಲ್ಲಿ. ಪ್ರತಿ ಬಾರ್‌ನ ಮೊದಲ ಸ್ವರಕ್ಕೆ ಒತ್ತು ಬೀಳುತ್ತದೆ. ‘ಆಲ್ ಪೀಪಲ್ ದಟ್ ಆನ್ ಅರ್ತ್ ಡು ಡ್ವೆಲ್’ ಎಂಬ ಸಾಲಿನಲ್ಲಿ ಎರಡನೆಯ ಬಾರ್ ‘ದಟ್’ ಮೇಲೆ, ಮೂರನೆಯದು ‘ಡು’ ಮೇಲೆ ಶುರುವಾಗುತ್ತದೆ. ಇಡೀ ಸಾಲಿನಲ್ಲಿ ಒತ್ತು ಬೇಡದ ಎರಡು ಪದಗಳಿಗೇ ಒತ್ತು! ಎಲ್ಲವನ್ನೂ ಸಮ ಮಾಡಿದರೆ ಈ ತೊಡಕು ತಪ್ಪುತ್ತದೆ, ಜೊತೆಗೆ ಧಾಟಿಯ ಜೀವವೂ ಹೋಗುತ್ತದೆ. ಬಾರ್ ಗೆರೆಯನ್ನೇ ಬಿಟ್ಟು ಸಾಲಿನ ಕೊನೆಯಲ್ಲಿ ಚಿಕ್ಕ ಗೀಟು ಹಾಕಿ. ಉದ್ದಗಳನ್ನು ಅರ್ಧಕ್ಕಿಳಿಸಿ ಮಿನಿಮ್ ಮತ್ತು ಅದರ ಅರ್ಧದಷ್ಟಿರುವ ಕ್ರಾಚೆಟ್‌ಗಳಲ್ಲಿ ಬರೆಯಿರಿ, ಏಕೆಂದರೆ ಹಾಳೆ ತುಂಬ ಬಿಳಿ ಸ್ವರ (ಒಳಗೆ ಖಾಲಿಯಿರುವ ಉದ್ದದ ಸ್ವರ) ಕಂಡ ಕ್ವಾಯರ್ ತಾನಾಗಿಯೇ ಎಳೆಯತೊಡಗುತ್ತದೆ. ಆಗ ಎಲ್ಲ ಕಡೆ ಒಪ್ಪಿದ ಒಂದೇ ಶ್ರುತಿ ಇರಲಿಲ್ಲ, ಹಾಗಾಗಿ ಶ್ರುತಿ ಬದಲಿಸಲು ಹಿಂಜರಿಯಬೇಕಿಲ್ಲ. ಸಭೆಯೂ ಹಾಡುವುದಿದ್ದರೆ ಧಾಟಿ ಮೇಲಿನ ಡಿ ದಾಟದಿದ್ದರೆ ಒಳ್ಳೆಯದು.

ಅಚ್ಚಿನ ತಪ್ಪುಗಳ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲ. ಆ ಕಾಲದಲ್ಲಿ ಒಂದೊಂದು ಸ್ವರವೂ ತನ್ನ ಪಾಲಿನ ಐದು ಗೆರೆಗಳ ತುಂಡಿನೊಂದಿಗೆ ಬೇರೆ ಬೇರೆ ಅಚ್ಚುಮೊಳೆ. ಮೊಳೆ ತಲೆಕೆಳಗಾಗಿ ಕೂತರೂ ಗೆರೆಗಳು ಸರಿಯಾಗೇ ಕೂಡಿಕೊಳ್ಳುತ್ತವೆ. ಟ್ರೆಬಲ್ ಕ್ಲೆಫ್‌ನಲ್ಲಿ (ಕ್ಲೆಫ್ ಎಂದರೆ ಯಾವ ಗೆರೆ ಯಾವ ಸ್ವರ ಎಂದು ಹೇಳುವ ಗುರುತು) ಕೆಳಗಿನಿಂದ ಎರಡನೆಯ ಗೆರೆಯ ಜಿ, ಮೇಲಿನಿಂದ ಎರಡನೆಯ ಗೆರೆಯ ಡಿ ಆಗುತ್ತದೆ. ಮೇಲಕ್ಕಿದ್ದ ಕಡ್ಡಿ ಕೆಳಕ್ಕಾಗುತ್ತದೆ. ಡಿ ಸ್ವರಕ್ಕೆ ಕಡ್ಡಿ ಇರಬೇಕಾದದ್ದೂ ಕೆಳಕ್ಕೇ! ಕಣ್ಣಿಗೆ ಏನೂ ತಪ್ಪು ಕಾಣದು. ಉಳಿದ ಮೂರು ದನಿಗಳ ಜೊತೆ ನುಡಿಸಿ ನೋಡಬೇಕು. ಡಿ ಕರ್ಕಶವಾಗಿದ್ದು ಜಿ ಒಪ್ಪುತ್ತದೆಂದರೆ ಮೊಳೆಯನ್ನೇ ಅನುಮಾನಿಸಿ. ಸ್ಟಾಫ್‌ನ (ಐದು ಗೆರೆಗಳ ಸಾಲು) ಕೊನೆಯಲ್ಲಿ, ಮುಂದಿನ ಸ್ಟಾಫ್‌ನ ಮೊದಲ ಸ್ವರ ಯಾವುದೆಂದು ತೋರಿಸುವ ‘ಡೈರೆಕ್ಟ್’ ಎಂಬ ಪುಟ್ಟ ಗುರುತನ್ನೂ ತಾಳೆ ನೋಡಿ. ಎಷ್ಟೋ ಸಲ ಅದೇ ಸಾಕ್ಷಿ ಹೇಳುತ್ತದೆ.

ತಪ್ಪು ತಿದ್ದುವ ಹುಮ್ಮಸ್ಸಿನಲ್ಲಿ ತಪ್ಪಲ್ಲದ್ದನ್ನೂ ತಿದ್ದುವವರಿದ್ದಾರೆ. ಕೇಡೆನ್ಸ್‌ನಲ್ಲಿ (ಸಾಲು ಮುಗಿಯುವ ತಾಣ) ಒಂದು ದನಿ ಎಫ್ ಶಾರ್ಪ್ (ಅರ್ಧ ಸ್ವರ ಏರಿಸಿದ್ದು), ಇನ್ನೊಂದು ಎಫ್ ನ್ಯಾಚುರಲ್ (ಏರಿಸದ, ಇಳಿಸದ ಸ್ವರ) ಹಾಡುವುದು ಇಂಗ್ಲಿಷ್ ಸಂಗೀತದ ಹಳೆಯ ಜಾಯಮಾನ. ಹಳ್ಳಿಯ ಧಾಟಿಕಾರರ ಬರಿಯ ಫಿಫ್ತ್‌ಗಳೂ ಹಾಗೆಯೇ. ನಡುವೆ ಥರ್ಡ್ (ಮೂರನೆಯ ಸ್ವರ) ತುಂಬಿ ಅವನ್ನು 19ನೇ ಶತಮಾನದ ಹಿಮ್ (ಚರ್ಚ್ ಗೀತೆ) ಮಾಡಬೇಡಿ. ಬಿ ಫ್ಲಾಟ್ (ಅರ್ಧ ಸ್ವರ ಇಳಿಸಿದ ಬಿ) ಇರುವ ಕೀಯಲ್ಲಿ ಬಿ ಮುಂದೆ ಶಾರ್ಪ್ ಕಂಡರೆ ಮಾತ್ರ ಅದನ್ನು ನ್ಯಾಚುರಲ್ ಎಂದು ಬರೆಯಲೇಬೇಕು. ಆಗಿನವರು ಫ್ಲಾಟ್ ಅಳಿಸಲು ಶಾರ್ಪ್ ಬಳಸುತ್ತಿದ್ದರು. ಮೂಲದಲ್ಲಿಲ್ಲದ ಶಾರ್ಪ್ ಬೇಕೆನಿಸಿದರೆ ಸ್ವರದ ಮುಂದೆ ಬೇಡ, ಸ್ಟಾಫ್‌ನ ಮೇಲೆ ಸಣ್ಣದಾಗಿ ಬರೆಯಿರಿ. ಹಾಡುವವರಿಗೆ ಅದು ನಿಮ್ಮದೆಂದು ತಿಳಿಯಲಿ.

ಸಾಹಿತ್ಯದಲ್ಲಿ ಸ್ಪೆಲಿಂಗ್ ಹೊಸದಾಗಲಿ, ಅಕ್ಷರಗಳ ಎಣಿಕೆ ಮಾತ್ರ ಹಳೆಯದೇ ಇರಲಿ. ಕಾಮನ್ ಮೀಟರ್ ಎಂಬ ಛಂದಸ್ಸಿನ ನಾಲ್ಕು ಸಾಲುಗಳಲ್ಲಿ ಅಕ್ಷರಗಳು 8, 6, 8, 6. ‘ಸಾಲ್ವೇಶನ್’ ಅನೇಕ ಕಡೆ ನಾಲ್ಕು ಅಕ್ಷರ: ಸಾಲ್-ವೇ-ಶಿ-ಅನ್. ಮೊದಲ ಪದ್ಯವನ್ನಷ್ಟೇ ಸ್ವರದ ಕೆಳಗೆ ಕೂಡಿಸಿ ಬಿಟ್ಟರೆ ಇಂಥ ಪದವಿರುವ ಮೂರನೆಯ ಪದ್ಯದಲ್ಲಿ ಒಂದು ಸ್ವರ ಹೆಚ್ಚಾಗಿ ಉಳಿದು ಕ್ವಾಯರ್ ಎರಡು ಹೋಳಾಗುತ್ತದೆ. ಹಾಡುವ ಪದ್ಯಗಳನ್ನೆಲ್ಲ ಸ್ವರದ ಕೆಳಗೇ ಜೋಡಿಸಿ.

ಪ್ರತಿ ದನಿಯ ಆರಂಭದಲ್ಲಿ ಮೂಲದ ಕ್ಲೆಫ್, ಕೀ ಗುರುತು, ಮೊದಲ ಸ್ವರ ಮೂರನ್ನೂ ಸಣ್ಣದಾಗಿ ಅಚ್ಚು ಮಾಡಲು ಹಿಡಿಯುವ ಜಾಗ ಎರಡು ಬೆರಳಗಲ. ಶ್ರುತಿ ಎಷ್ಟು ಸರಿದಿದೆ, ಉದ್ದ ಅರ್ಧವಾಗಿದೆಯೇ ಎಂಬುದನ್ನು ಕ್ವಾಯರ್ ಮಾಸ್ತರರು ಅಲ್ಲೇ ಓದಿಕೊಳ್ಳಬಹುದು.

— ಕ್ವಾಯರ್‌ಗಳಿಗೆ ಸ್ವರಲಿಪಿ ಸಿದ್ಧಪಡಿಸುವ ಇಬ್ಬರು ಓದುಗರು