ಹರಿದ ಹುಡುಗನ ಅಂಗಿ

ಮಾನ್ಯ ಸಂಪಾದಕರೇ,

ರಾಜ್ಯೋತ್ಸವದ ಪ್ರಬಂಧ ಸ್ಪರ್ಧೆಯ ಹಾಳೆ ತಿದ್ದಿದವರಿಗೆಲ್ಲ ಈ ಸಾಲು ಪರಿಚಿತ: ‘ನಮ್ಮ ಊರಿನಲ್ಲಿ ಸುಂದರವಾದ ದೊಡ್ಡದಾದ ಹಸಿರಾದ ಮರವಿದೆ.’ ವಿಶೇಷಣ ಮೂರಿವೆ, ಮರ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ತಪ್ಪು ಮಗುವಿನದಲ್ಲ. ಗುಣವಾಚಕವೆಂದರೆ ನಾಮಪದದ ಒಂದು ವಿಧ, ಉದಾಹರಣೆಗೆ ದೊಡ್ಡ, ಚಿಕ್ಕ, ಒಳ್ಳೆಯ, ಕೆಟ್ಟ ಎಂದು ಬಾಯಿಪಾಠ ಮಾಡಿಸಿ, ಆಮೇಲೆ ‘ವರ್ಣಿಸು’ ಎಂದರೆ ಅದು ಅಂಥವನ್ನೇ ಸುರಿಯುತ್ತದೆ.

ಕನ್ನಡದಲ್ಲಿ ಮೂಲದಿಂದಲೇ ಗುಣವಾಚಕವಾಗಿರುವ ಪದಗಳು ಕಡಿಮೆ. ವರ್ಣನೆಯ ಬಹುಪಾಲು ಭಾರ ಹೊರುವುದು ಕ್ರಿಯಾಪದದಿಂದ ಹುಟ್ಟಿದ ರೂಪಗಳು: ಬಾಡಿದ ಹೂ, ಸೋರುವ ಮಾಡು, ಮುಚ್ಚದ ಬಾಗಿಲು. ವ್ಯಾಕರಣ ಪುಸ್ತಕ ಇವನ್ನು ಕೃದಂತ ಎಂಬ ಬೇರೆಯೇ ಪಾಠದಲ್ಲಿ ಇಡುತ್ತದೆ. ಹಾಗಾಗಿ ಇವೂ ವಿಶೇಷಣದ ಕೆಲಸ ಮಾಡುತ್ತವೆ ಎಂಬುದು ಸಣ್ಣ ತರಗತಿಯ ಮಕ್ಕಳ ಕಿವಿಗೆ ಬೀಳುವುದೇ ಇಲ್ಲ. ಅವರಿಗೆ ಕೃದಂತವೆಂಬ ಹೆಸರು ಬೇಕಿಲ್ಲ, ಬಳಕೆ ಸಾಕು. ಬೋರ್ಡಿನ ಮೇಲೆ ‘ಒಣಗು’ ಎಂದು ಬರೆದು ಒಣಗಿದ, ಒಣಗುವ, ಒಣಗದ ಎಂದು ಮೂರು ಮಾಡಿಸಿ, ಮೂರರ ಮುಂದೂ ‘ಬಟ್ಟೆ’ ಸೇರಿಸಿ ಹೇಳಿಸಬೇಕು. ದಿನಕ್ಕೆ ಐದು ಕ್ರಿಯಾಪದವಾದರೆ ವಾರದೊಳಗೆ ಮಕ್ಕಳ ಕೈಯಲ್ಲಿ ಎಪ್ಪತ್ತೆಂಬತ್ತು ವಿಶೇಷಣಗಳಿರುತ್ತವೆ.

ಬರವಣಿಗೆಗೆ ಎದುರಿಗೊಂದು ವಸ್ತು ಇರಲೇಬೇಕು. ನಾಲ್ಕು–ಐದನೇ ತರಗತಿಗೆ ಎಲೆ ಒಳ್ಳೆಯದು, ಖರ್ಚಿಲ್ಲ. ಐದೈದು ಮಕ್ಕಳ ಗುಂಪು ಮಾಡಿ ಪ್ರತಿ ಗುಂಪಿಗೆ ಮಾವು, ಹಲಸು, ಬೇವು, ಅರಳಿ, ಹೊಂಗೆ, ಹೀಗೆ ಒಂದೊಂದು ಎಲೆ ಕೊಡಬೇಕು. ಮೊದಲ ಹತ್ತು ನಿಮಿಷ ಪೆನ್ಸಿಲ್ ಮುಟ್ಟುವಂತಿಲ್ಲ. ಎಲೆಯನ್ನು ಸವರಲಿ, ತಿರುಗಿಸಲಿ, ಹಿಸುಕಿ ಮೂಸಲಿ. (ಬಾಯಿಗೆ ಇಡಕೂಡದು, ಮಾವಿನ ಸೊನೆ ತುಟಿ ಸುಡುತ್ತದೆ.) ಮುಂದಿನ ಹತ್ತು ನಿಮಿಷ ಅವರು ಹೇಳಿದ ಪದಗಳನ್ನು ಕಣ್ಣು, ಕೈ, ಮೂಗು ಎಂಬ ಮೂರು ಸಾಲಿಗೆ ಹಂಚಿ ಬರೆಯುವುದು. ಕೈಯ ಸಾಲು ಯಾವಾಗಲೂ ಬಡಕಲಾಗಿರುತ್ತದೆ. ನುಣುಪು, ಒರಟು, ಜಿಗುಟು, ಪೆಡಸು ಎಂಬವನ್ನು ಕೇಳಿ ಕೇಳಿ ಹೊರಡಿಸಬೇಕು. ಉರುಟು, ಮುಗ್ಗಲು ಎಂಬ ಮನೆಮಾತು ಬಂದರೆ ಅದನ್ನೂ ಬೋರ್ಡಿಗೆ ಏರಿಸಿ. ಗ್ರಾಂಥಿಕವಲ್ಲವೆಂದು ಕೆಂಪು ಶಾಯಿ ಎಳೆಯುವುದರಿಂದಲೇ ಮಕ್ಕಳು ‘ಸುಂದರ’ದ ಹಿಂದೆ ಅಡಗುತ್ತಾರೆ.

ಆಮೇಲೆ ಪ್ರತಿ ಮಗು ಒಂದು ಎಲೆಯನ್ನು ಹೆಸರಿಸದೆ ನಾಲ್ಕು ವಾಕ್ಯದಲ್ಲಿ ಬರೆಯಬೇಕು. ಸುಂದರ, ಚೆನ್ನಾದ, ದೊಡ್ಡ, ತುಂಬಾ ಈ ನಾಲ್ಕಕ್ಕೆ ಆ ದಿನ ರಜೆ. ಹಾಳೆ ಪಕ್ಕದ ಗುಂಪಿಗೆ ಹೋಗುತ್ತದೆ. ಓದಿದವರು ಅದು ಯಾವ ಎಲೆ ಎಂದು ತಮ್ಮ ಮುಂದಿರುವವುಗಳಲ್ಲಿ ಆರಿಸಬೇಕು. ‘ಹಸಿರಾದ ಎಲೆ’ ಎಂದು ಬರೆದವರ ಹಾಳೆ ವಾಪಸ್ ಬರುತ್ತದೆ, ಐದೂ ಹಸಿರೇ ತಾನೆ! ಎರಡನೇ ಸಲ ಅದೇ ಮಗು ‘ಬಾಲದಂತೆ ಚಾಚಿದ ತುದಿ’, ‘ಗರಗಸದಂಥ ಅಂಚು’, ‘ಹಾಲು ಒಸರುವ ತೊಟ್ಟು’ ಎಂದು ಹುಡುಕಿ ಬರೆಯುತ್ತದೆ. ಅಂಕವನ್ನೂ ಇದಕ್ಕೇ ಕೊಡಬೇಕು. ವಿಶೇಷಣ ಎಷ್ಟಿವೆಯೆಂದು ಎಣಿಸಿ ಅಂಕ ಕೊಟ್ಟರೆ ‘ಸುಂದರವಾದ ದೊಡ್ಡದಾದ’ ಮತ್ತೆ ಚಿಗುರುತ್ತದೆ.

ತಿದ್ದುವಾಗ ವಿಶೇಷಣದ ಮೇಲೆ ಬೆರಳಿಟ್ಟು ಮುಚ್ಚಿ ಓದಿಸಿ. ಚಿತ್ರ ಬದಲಾಗದಿದ್ದರೆ ಆ ಪದ ದಂಡ. ‘ಬಿಳಿ ಹಾಲು’ ಮುಚ್ಚಿದರೂ ಹಾಲೇ. ‘ಒಡೆದ ಹಾಲು’ ಮುಚ್ಚಿದರೆ ಸುದ್ದಿಯೇ ಹೋಯಿತು. ಒಂದು ನಾಮಪದದ ಹಿಂದೆ ಎರಡಕ್ಕಿಂತ ಹೆಚ್ಚು ಬಂದರೆ ಒಂದನ್ನು ವಾಕ್ಯದ ಕೊನೆಗೆ ಕಳಿಸಬೇಕು: ‘ತೊಗಟೆ ಬಿರಿದ ಮರ, ಅದರ ನೆರಳು ತಣ್ಣಗಿದೆ.’ ‘ಆದ’, ‘ಆಗಿ’ ಗೊಂದಲವೂ ಸಾಮಾನ್ಯ. ವಸ್ತುವನ್ನು ಹೇಳುವುದಾದರೆ ಆದ, ಕೆಲಸವನ್ನು ಹೇಳುವುದಾದರೆ ಆಗಿ: ಇಂಪಾದ ಹಾಡು, ಇಂಪಾಗಿ ಹಾಡಿದಳು.

ಹೆಚ್ಚು ಗಮನ ಬೇಕಿರುವುದು ಜಾಗದ ತಪ್ಪಿಗೆ. ‘ಹರಿದ ಹುಡುಗನ ಅಂಗಿ’ ಎಂದರೆ ಹರಿದದ್ದು ಹುಡುಗನೇ ಆಗುತ್ತಾನೆ. ಯಾರದು ಎಂದು ಹೇಳುವ ಷಷ್ಠಿಯ ಪದ (ಇಲ್ಲಿ ‘ಹುಡುಗನ’) ನಡುವೆ ಬಂದಾಗ ವಿಶೇಷಣ ಮೊದಲು ಸಿಕ್ಕಿದ ನಾಮಪದಕ್ಕೇ ಅಂಟಿಕೊಳ್ಳುತ್ತದೆ. ‘ಹುಡುಗನ ಹರಿದ ಅಂಗಿ’ ಎಂದು ಅದನ್ನು ಅಂಗಿಯ ಪಕ್ಕಕ್ಕೆ ತಂದು ಕೂರಿಸಬೇಕು. ಹೇಳಿದರೆ ಮಕ್ಕಳು ನಕ್ಕು ಮರೆಯುತ್ತಾರೆ; ಪದಚೀಟಿ ಮಾಡಿ ಮೇಜಿನ ಮೇಲೆ ಸರಿಸಿದರೆ ನೆನಪಿಡುತ್ತಾರೆ. ಅಭ್ಯಾಸಕ್ಕೆ ವಾಕ್ಯ ಹುಡುಕಿಕೊಂಡು ದೂರ ಹೋಗಬೇಕಿಲ್ಲ, ‘ಶುದ್ಧ ಹಸುವಿನ ತುಪ್ಪ’ ಎಂಬ ಜಾಹೀರಾತನ್ನು ಕತ್ತರಿಸಿ ಕೊಟ್ಟರಾಯಿತು.

ಇಂತಿ,
ಕನ್ನಡ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ