ದಡದಲ್ಲಿ ನಿಂತವನ ಕೈ ಖಾಲಿ ಇರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಫೋಟೊ ನೋಡಿದೆ. ಕೆರೆ ದಡದ ಶಿಬಿರ, ಹತ್ತು-ಹನ್ನೊಂದರ ಪ್ರಾಯದ ಶಾಲಾ ಹುಡುಗರು ಹಲಗೆಯ ಮೇಲಿಂದ ಸಾಲಾಗಿ ನೀರಿಗೆ ಹಾರುತ್ತಿದ್ದಾರೆ. ಒಬ್ಬನು ಮೂಗು ಹಿಡಿದುಕೊಂಡು ಗಾಳಿಯಲ್ಲೇ ನಿಂತುಬಿಟ್ಟಿದ್ದಾನೆ. ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ಎರಡು ದಿನ ಬಿಟ್ಟು ಅದೇ ಫೋಟೊ ಬಗ್ಗೆ ಓದುಗರೊಬ್ಬರು ಬರೆದ ಪತ್ರವನ್ನೂ ಓದಿದೆ. ಮಕ್ಕಳನ್ನು ನೀರಿನ ಹತ್ತಿರ ಬಿಡುವುದೇ ತಪ್ಪು, ಇಂಥ ಶಿಬಿರಗಳನ್ನು ನಿಲ್ಲಿಸಬೇಕು ಎಂದಿದ್ದಾರೆ. ನಾನು ನಿವೃತ್ತ ಪಿ.ಟಿ. ಮೇಷ್ಟ್ರು. 26 ವರ್ಷ ಹುಡುಗರನ್ನು ಇಂಥ ಶಿಬಿರಗಳಿಗೆ ಕರೆದುಕೊಂಡು ಹೋಗಿದ್ದೇನೆ. ಆ ಓದುಗರ ಭಯ ನನಗೆ ಅರ್ಥವಾಗುತ್ತದೆ, ಅವರು ಹೇಳುವ ಮದ್ದು ಮಾತ್ರ ಒಪ್ಪಿಗೆಯಿಲ್ಲ.

ಭಯಕ್ಕೆ ಕಾರಣ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. 5ರಿಂದ 14ರ ಮಕ್ಕಳ ಸಾವಿನ ಕಾರಣಗಳಲ್ಲಿ ಮುಳುಗುವುದಕ್ಕೆ ಮೂರನೆಯ ಸ್ಥಾನ. ಆದರೆ ಶಿಬಿರ ನಿಲ್ಲಿಸಿದರೆ ಹುಡುಗರೇನು ಕೆರೆಗೆ ಹೋಗುವುದನ್ನು ಬಿಡುತ್ತಾರೆಯೇ? ಹೇಳದೇ ಹೋಗುತ್ತಾರೆ, ಅಷ್ಟೆ. ಆಗ ದಡದಲ್ಲಿ ಯಾರೂ ಇರುವುದಿಲ್ಲ.

ಇನ್ನು ಶಿಬಿರದಿಂದ ಏನು ಲಾಭ ಎಂದು ಆ ಓದುಗರು ಕೇಳಿದ್ದಾರೆ. ಒಂದು ವರ್ಷ ನಮ್ಮ ಹುಡುಗರಿಗೆ ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಜಿಗಿಸುವ ಹುಚ್ಚು ಹಿಡಿಯಿತು. ಬೆಳಗಿನಿಂದ ಬೇರೆ ಮಾತೇ ಇಲ್ಲ. ಕಲ್ಲನ್ನು ತೀರಾ ಮಲಗಿಸಿ ಎಸೆದರೂ ಆಗದು, ತೀರಾ ಎತ್ತಿ ಹಿಡಿದರೂ ಆಗದು, ಮುಂತುದಿ ಸ್ವಲ್ಪವೇ ಎದ್ದಿರಬೇಕು, ಜೊತೆಗೆ ಕೈಯಿಂದ ಬಿಡುವಾಗ ಬುಗುರಿಯಂತೆ ತಿರುಗಿಸಬೇಕು ಎಂದು ಮಧ್ಯಾಹ್ನದೊಳಗೆ ಅವರೇ ಕಂಡುಹಿಡಿದರು. ಕಲ್ಲು ನೀರಿಗೆ ಸುಮಾರು 20 ಡಿಗ್ರಿ ಓರೆಯಾಗಿ ತಾಗಿದರೆ ಚೆನ್ನಾಗಿ ಜಿಗಿಯುತ್ತದೆ ಎಂದು ಫ್ರಾನ್ಸಿನ ವಿಜ್ಞಾನಿಗಳು 2004ರಲ್ಲಿ ಪ್ರಯೋಗ ಮಾಡಿ ಪ್ರಕಟಿಸಿದ್ದನ್ನು ನಾನು ಆಮೇಲೆ ಓದಿದೆ. ಕರ್ಟ್ ಸ್ಟೈನರ್ ಎಂಬ ಅಮೆರಿಕದವರು 2013ರಲ್ಲಿ ಒಂದೇ ಕಲ್ಲನ್ನು 88 ಬಾರಿ ಜಿಗಿಸಿ ವಿಶ್ವ ದಾಖಲೆ ಮಾಡಿದರಂತೆ. ನಮ್ಮವನೊಬ್ಬ ಏಳು ಜಿಗಿಸಿದ. ತರಗತಿಯಲ್ಲಿ ಹೆಸರು ಕರೆದರೆ ತಲೆ ಎತ್ತದಿದ್ದ ಹುಡುಗ ಅವನು. ಆ ಸಂಜೆ ಎಲ್ಲರಿಗೂ ಅವನೇ ಗುರು. ಇದನ್ನು ಲಾಭದ ಲೆಕ್ಕಕ್ಕೆ ಹೇಗೆ ಬರೆಯುವುದೋ ನನಗೆ ತಿಳಿಯದು.

ಇಂಥ ಶಿಬಿರ ಹೊಸ ಹುಚ್ಚೂ ಅಲ್ಲ. ಅಮೆರಿಕದ ಸ್ಕ್ವಾಮ್ ಸರೋವರದ ಒಂದು ದ್ವೀಪದಲ್ಲಿ ಅರ್ನೆಸ್ಟ್ ಬಾಲ್ಚ್ ಎಂಬ ತರುಣ 1881ರಲ್ಲಿಯೇ ಹುಡುಗರ ಶಿಬಿರ ಶುರು ಮಾಡಿದ್ದ. ಉಳ್ಳವರ ಮಕ್ಕಳು ಬೇಸಿಗೆಯಿಡೀ ಹೋಟೆಲುಗಳಲ್ಲಿ ಸುಮ್ಮನೆ ಕೂತು ಕೆಡುತ್ತಿದ್ದಾರೆ ಎನ್ನುವುದು ಅವನ ಸಂಕಟ. ಅಲ್ಲಿ ಆಳುಗಳಿರಲಿಲ್ಲ. ಅಡುಗೆ ಮಾಡುವುದು, ಪಾತ್ರೆ ತೊಳೆಯುವುದು ಎಲ್ಲ ಹುಡುಗರದೇ.

ಈಗ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ನಮ್ಮಲ್ಲಿ ಇಬ್ಬಿಬ್ಬರಂತೆ ಜೋಡಿ ಕಟ್ಟಿಯೇ ನೀರಿಗಿಳಿಸುವುದು. ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದಿದರೆ ಜೋಡಿಗಳು ಕೈ ಕೈ ಹಿಡಿದು ಮೇಲೆತ್ತಬೇಕು, ನಾನು ಎಣಿಸಬೇಕು. ಆ ದಿನ 32 ಹುಡುಗರು. ಸೀಟಿ ಊದಿದೆ. 31. ಮತ್ತೆ ಎಣಿಸಿದೆ. 31. ಒಬ್ಬ ಮಾತ್ರ ಒಂಟಿ ಕೈ ಎತ್ತಿಕೊಂಡು ನನ್ನನ್ನೇ ನೋಡುತ್ತಿದ್ದ. ಎಲ್ಲರನ್ನೂ ಮೇಲಕ್ಕೆ ಕಳಿಸಿ, ದೊಡ್ಡವರು ಕೈ ಕೈ ಹಿಡಿದು ಸಾಲಾಗಿ ಎದೆಮಟ್ಟದ ನೀರಿನಲ್ಲಿ ಕಾಲಿಂದ ತಡವುತ್ತ ನಡೆದೆವು. ಕಾಲಿಗೆ ಬರೀ ಕೆಸರು, ಜೊಂಡಿನ ಬೇರು. ಎಷ್ಟು ಹೊತ್ತು ನಡೆದೆವೋ ಕಾಣೆ, ಆಮೇಲೆ ಯಾರೋ ನಾಲ್ಕೇ ನಿಮಿಷ ಎಂದರು.

ಹುಡುಗ ಸಿಕ್ಕಿದ್ದು ದಡದಲ್ಲಿ, ಬೋರಲು ಹಾಕಿದ್ದ ದೋಣಿಯ ಹಿಂದೆ. ಜೊತೆಗಾರನ ಮೇಲೆ ಮುನಿಸಿಕೊಂಡು ಎದ್ದು ಹೋಗಿದ್ದನಂತೆ. ಕುಕ್ಕರಗಾಲಲ್ಲಿ ಕೂತು, ಜೊಂಡಿನ ಕಡ್ಡಿ ಹತ್ತಿದ್ದ ಮರಿಯ ಬೆನ್ನು ಸೀಳಿ ಏರೋಪ್ಲೇನ್ ಚಿಟ್ಟೆ ಹೊರಬರುವುದನ್ನು ನೋಡುತ್ತಿದ್ದ. ನನ್ನ ಹೆಜ್ಜೆ ಸದ್ದು ಕೇಳಿ, ತಿರುಗದೆಯೇ, ‘ಶ್... ಸಾರ್, ಮೆಲ್ಲಗೆ’ ಎಂದ. ನನಗೆ ಬೈಯಲು ಬಾಯಿ ಬರಲಿಲ್ಲ. ಏಕೆಂದರೆ ಅವನು ನೀರಿನಿಂದೆದ್ದು ಹೋದ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ ಎನ್ನುವುದು ನನಗೆ ಗೊತ್ತಿತ್ತು. ಶಾಲೆಯ ಫಲಕಕ್ಕೆ ಹಾಕಲು ಫೋಟೊ ತೆಗೆಯುತ್ತಿದ್ದೆ. ಕಣ್ಣು ಕೆರೆಯ ಮೇಲಿತ್ತು ನಿಜ, ಆದರೆ ಕ್ಯಾಮೆರಾದ ಕಿಂಡಿಯಲ್ಲಿ.

ಮುಳುಗುವವರು ಕೂಗಿ ಕರೆಯುತ್ತಾರೆ, ಕೈ ಬೀಸುತ್ತಾರೆ ಎಂದು ನಾವೆಲ್ಲ ನಂಬಿದ್ದೇವೆ. ಅಮೆರಿಕದ ಜೀವರಕ್ಷಕ ಫ್ರಾನ್ಸೆಸ್ಕೊ ಪಿಯಾ ನಿಜವಾದ ಘಟನೆಗಳನ್ನೇ ಚಿತ್ರೀಕರಿಸಿ ನೋಡಿದಾಗ ಕಂಡದ್ದು ಬೇರೆ. ಉಸಿರಿಗೇ ಸಾಲದ ಬಾಯಿ ಕೂಗುವುದೆಲ್ಲಿಂದ? ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಮೇಲೆ ಬೀಸಲು ಬಿಡುವಿಲ್ಲ. ಹೀಗೆ ನೀರಿನ ಮೇಲೆ ಒದ್ದಾಡುವುದು 20ರಿಂದ 60 ಸೆಕೆಂಡು ಮಾತ್ರ. ಒಂದು ಫೋಟೊ ತೆಗೆದು, ಸರಿಯಾಗಿ ಬಂದಿದೆಯೇ ಎಂದು ನೋಡಿ, ಇನ್ನೊಂದು ತೆಗೆಯುವಷ್ಟು ಹೊತ್ತು.

ಅಂದಿನಿಂದ ನೀರು ಕಾಯುವವನಿಗೆ ಬೇರೆ ಕೆಲಸ ಕೊಡಲಿಲ್ಲ. ಅವನ ಕೊರಳಲ್ಲಿ ಸೀಟಿ, ಕಾಲ ಬಳಿ ಉದ್ದ ಹಗ್ಗ ಕಟ್ಟಿದ ಖಾಲಿ ಕ್ಯಾನು. ಎಸೆದರೆ ತೇಲುತ್ತದೆ, ಮಗು ಹಿಡಿದುಕೊಂಡರೆ ಎಳೆಯಬಹುದು. ಮಕ್ಕಳಿಗೂ ಅದನ್ನೇ ಕಲಿಸುತ್ತಿದ್ದೆವು: ಕೋಲು ಚಾಚು, ಹಗ್ಗ ಎಸೆ, ದೊಡ್ಡವರನ್ನು ಕೂಗು, ನೀನು ಮಾತ್ರ ಹಾರಬೇಡ. ಗುಡುಗು ಕೇಳಿದರೆ ಎಲ್ಲರೂ ನೀರಿನಿಂದ ಹೊರಗೆ. ಕೊನೆಯ ಗುಡುಗಾಗಿ 30 ನಿಮಿಷ ಕಳೆಯುವವರೆಗೆ ಮತ್ತೆ ಇಳಿಯುವಂತಿಲ್ಲ. ಆ ಅರ್ಧ ಗಂಟೆ ಹುಡುಗರು ನನ್ನನ್ನು ಬೈದುಕೊಂಡಷ್ಟು ಬೇರೆ ಯಾವಾಗಲೂ ಬೈದುಕೊಂಡಿರಲಿಕ್ಕಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಹಾಸಿಗೆ ಹೇಗಿದೆ, ದಿನಾ ಫೋಟೊ ಕಳಿಸುತ್ತೀರಾ ಎಂದು ತಂದೆತಾಯಂದಿರು ಕೇಳುತ್ತಾರೆ. ಹುಡುಗರು ನೀರಿನಲ್ಲಿರುವಾಗ ದಡದಲ್ಲಿ ನಿಲ್ಲುವವರು ಯಾರು, ಅವರಿಗೆ ಆ ಹೊತ್ತಿನಲ್ಲಿ ಇನ್ನೇನು ಕೆಲಸ ಇರುತ್ತದೆ ಎಂದು ಕೇಳಿದವರನ್ನು 26 ವರ್ಷದಲ್ಲಿ ಬೆರಳಲ್ಲಿ ಎಣಿಸಬಹುದು. ‘ಫೋಟೊ, ವಿಡಿಯೊ ಎಲ್ಲಾ ಅವರೇ ನೋಡಿಕೊಳ್ಳುತ್ತಾರೆ’ ಎಂಬ ಉತ್ತರ ಬಂದರೆ ಆ ಶಿಬಿರಕ್ಕೆ ಮಗನನ್ನು ಕಳಿಸಬೇಡಿ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಮುಂದಿನ ಸಲ ಇಂಥ ಫೋಟೊ ತೆಗೆಯುವಾಗ ನಿಮ್ಮ ಛಾಯಾಗ್ರಾಹಕರು ನಾಲ್ಕು ಹೆಜ್ಜೆ ಹಿಂದೆ ಸರಿಯಲಿ. ಮೂಗು ಹಿಡಿದು ಹಾರುವ ಹುಡುಗನ ಜೊತೆಗೆ ದಡದಲ್ಲಿ ಬರಿಗೈಯಲ್ಲಿ ನಿಂತವನೂ ಕಾಣಲಿ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ